‘ಅನಾಥ ಮಕ್ಕಳಿದ್ದಾರೆ, ಬೇಕಾದವರು ಕರೆ ಮಾಡಿ’: ಈ ಮೆಸೇಜ್ ಫಾರ್ವರ್ಡ್ ಮಾಡಬಹುದೇ?

“ಅಪಘಾತದಲ್ಲಿ ತಂದೆ-ತಾಯಿ ತೀರಿಕೊಂಡಿದ್ದಾರೆ. ಇಬ್ಬರು ಪುಟ್ಟ ಮಕ್ಕಳಿದ್ದಾರೆ. ದತ್ತು ಬೇಕಾದವರು ಈ ನಂಬರ್‌ಗೆ ಕರೆ ಮಾಡಿ. ದಯವಿಟ್ಟು ಶೇರ್ ಮಾಡಿ.”

ಇಂಥ ಮೆಸೇಜ್ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. 2021ರಲ್ಲಿ ಕೋವಿಡ್ ಎರಡನೇ ಅಲೆಯ ಹೊತ್ತಿಗೆ ಇವು ಬಹಳ ಹರಿದಾಡಿದವು. ಅಕ್ರಮ ದತ್ತು ತಡೆಯುವಂತೆ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಸೂಚಿಸಬೇಕಾಯಿತು.

ಕರೆ ಮಾಡಿ ಮಗುವನ್ನು ಪಡೆಯಬಹುದೇ?

ಇಲ್ಲ. ಕಾನೂನಿನ ಕ್ರಮ ಬಿಟ್ಟು ಅನಾಥ ಮಗುವನ್ನು ದತ್ತು ಕೊಡುವುದೂ ಪಡೆಯುವುದೂ ಅಪರಾಧ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಇದಕ್ಕೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಹಣ ಪಡೆದು ಮಗುವನ್ನು ಮಾರಿದರೆ ಶಿಕ್ಷೆ ಇನ್ನೂ ಹೆಚ್ಚು. ಫೋನ್ ಎತ್ತುವವರು ಯಾರು, ಮಗು ಯಾರ ಕೈಸೇರುತ್ತದೆ ಎಂಬುದು ಫಾರ್ವರ್ಡ್ ಮಾಡಿದ ನಮಗೆ ಗೊತ್ತಾಗುವುದೇ ಇಲ್ಲ.

ಹಾಗಾದರೆ ಮಗುವಿಗೆ ದಿಕ್ಕು ಯಾರು?

ನೋಡಿಕೊಳ್ಳುವವರಿಲ್ಲದ ಮಗು ಸಿಕ್ಕರೆ 24 ಗಂಟೆಯೊಳಗೆ (ಪ್ರಯಾಣದ ಸಮಯ ಬಿಟ್ಟು) ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಗು ಸಂಬಂಧಿಕರ ಬಳಿ ಇರಬೇಕೇ, ಮಕ್ಕಳ ಪಾಲನಾ ಸಂಸ್ಥೆಯಲ್ಲಿ ಇರಬೇಕೇ ಎಂಬುದನ್ನು ಸಮಿತಿ ವಿಚಾರಿಸಿ ತೀರ್ಮಾನಿಸುತ್ತದೆ.

ಅಜ್ಜಿಯೋ ಸೋದರಮಾವನೋ ಸಾಕುತ್ತಿದ್ದರೆ?

ಸಾಕುವುದು ತಪ್ಪಲ್ಲ. ಆದರೆ ಮಗುವಿನ ಹೆಸರಿನ ಆಸ್ತಿ, ಹಣದ ವಿಷಯ ಬಂದಾಗ “ನಾನೇ ಸಾಕುತ್ತಿದ್ದೇನೆ” ಎಂಬ ಮಾತು ಸಾಲದು. ಆಗ 1890ರ ಪಾಲಕರ ಕಾಯ್ದೆಯಡಿ ಅರ್ಜಿ ಹಾಕಿ, ಕೋರ್ಟಿನಿಂದ ಕಾನೂನುಬದ್ಧ ಪಾಲಕರಾಗಿ ನೇಮಕವಾಗಬೇಕು. ಈ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಹತ್ತಿರದ ನೆಂಟರು ಎಂಬುದಷ್ಟನ್ನೇ ಕೋರ್ಟ್ ನೋಡುವುದಿಲ್ಲ. ಮಗುವಿನ ಹಿತವೇ ಮುಖ್ಯ. ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಕೇಳಬಹುದು.

ಪಾಲಕರಾದ ಮಾತ್ರಕ್ಕೆ ಮಗುವಿನ ಆಸ್ತಿ ಅವರದಾಗುವುದಿಲ್ಲ. ಕೋರ್ಟ್ ನೇಮಿಸಿದ ಪಾಲಕರು ಮಗುವಿನ ಜಮೀನು, ಮನೆಯನ್ನು ಕೋರ್ಟಿನ ಅನುಮತಿಯಿಲ್ಲದೆ ಮಾರುವಂತಿಲ್ಲ, ಅಡವಿಡುವಂತಿಲ್ಲ.

ದತ್ತುವಿಗೂ ಇದಕ್ಕೂ ಏನು ವ್ಯತ್ಯಾಸ?

ದತ್ತು ಪಡೆದರೆ ಮಗು ಆ ಮನೆಯ ಸ್ವಂತ ಮಗುವಾಗುತ್ತದೆ, ಉತ್ತರಾಧಿಕಾರವೂ ಸಿಗುತ್ತದೆ. ಪಾಲಕತ್ವ ಹಾಗಲ್ಲ, ಮಗು ವಯಸ್ಕನಾದ ಮೇಲೆ ಅದು ಮುಗಿಯುತ್ತದೆ. ಅನಾಥ ಮಗುವನ್ನು ದತ್ತು ಪಡೆಯುವ ಆಸೆಯಿದ್ದವರು ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ (ಕಾರಾ) ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು.

ನಾವೇನು ಮಾಡಬೇಕು?

ಮೆಸೇಜನ್ನು ಮುಂದೆ ಕಳಿಸಬೇಡಿ. ಇಂಥ ಮಗುವಿನ ಫೋಟೊ, ಹೆಸರು, ವಿಳಾಸ ಬಹಿರಂಗಪಡಿಸುವುದೂ ಅಪರಾಧವೇ. ನಿಜವಾಗಿ ಅಂಥ ಮಗು ಇದೆ ಎಂದು ತಿಳಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲು-ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಶೇರ್ ಮಾಡಲೇಬೇಕೆಂದರೆ ಈ ನಂಬರನ್ನು ಶೇರ್ ಮಾಡಿ.