ಸೀಮೆಎಣ್ಣೆಯ ಜಗಳವೂ ಬಂಕಿನ ಪೈಸೆಗಳೂ

1927ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ಸೀಮೆಎಣ್ಣೆಯ ಬೆಲೆ ಇಳಿಯತೊಡಗಿತು. ಇಳಿಸಿದವನಿಗೆ ಇಲ್ಲಿನ ಬುಡ್ಡಿದೀಪಗಳ ಮೇಲೆ ಕನಿಕರವೇನೂ ಇರಲಿಲ್ಲ. ರಾಯಲ್ ಡಚ್ ಶೆಲ್ ಕಂಪನಿಯ ದೊರೆ ಹೆನ್ರಿ ಡೆಟರ್ಡಿಂಗ್‌ಗೆ ನ್ಯೂಯಾರ್ಕಿನ ಸ್ಟ್ಯಾಂಡರ್ಡ್ ಆಯಿಲ್ ಮೇಲೆ ಸಿಟ್ಟು ಬಂದಿತ್ತು. ಅದನ್ನು ತೀರಿಸಿಕೊಳ್ಳಲು ಅವನು ಆರಿಸಿಕೊಂಡ ಅಖಾಡ ನಮ್ಮದು. ಒಂದೇ ಊರಿನ ಎರಡು ಪೆಟ್ರೋಲ್ ಬಂಕ್‌ಗಳ ನಡುವೆ ಹತ್ತಿಪ್ಪತ್ತು ಪೈಸೆ ವ್ಯತ್ಯಾಸ ಏಕೆ ಎಂದು ಹುಡುಕುತ್ತ ಹೊರಟ ನನಗೆ ಈ ಜಗಳ ಸಿಕ್ಕಿತು. ಸಿಕ್ಕ ಮೇಲೆ ಪೈಸೆಯ ಪ್ರಶ್ನೆಯೇ ಸಣ್ಣದಾಯಿತು.

ಕಾರಣ ರಷ್ಯಾದ ಎಣ್ಣೆ. ಕ್ರಾಂತಿಯ ನಂತರ ಸೋವಿಯತ್ ಸರ್ಕಾರ ಬಾಕುವಿನ ತೈಲಬಾವಿಗಳನ್ನೆಲ್ಲ ವಶಪಡಿಸಿಕೊಂಡಾಗ ಶೆಲ್‌ನ ಆಸ್ತಿಯೂ ಹೋಯಿತು. ಪರಿಹಾರ ಬರುವ ತನಕ ಆ ‘ಕದ್ದ ಎಣ್ಣೆ’ಯನ್ನು ಯಾರೂ ಮುಟ್ಟಕೂಡದು ಎಂಬುದು ಡೆಟರ್ಡಿಂಗ್‌ನ ಹಟ. ಹಿಂದೊಮ್ಮೆ ಅವನ ಕಂಪನಿಯೇ ಅದನ್ನು ಕೊಂಡಿತ್ತು ಎಂಬುದು ಬೇರೆ ಮಾತು. ರಷ್ಯಾ ತೊರೆದು ಬಂದ ಕುಟುಂಬದ ಹೆಣ್ಣನ್ನು ಮದುವೆಯಾದ ಮೇಲೆ ಹಟ ಇನ್ನಷ್ಟು ಬಲಿಯಿತು ಎನ್ನುವವರಿದ್ದಾರೆ. ಸ್ಟ್ಯಾಂಡರ್ಡ್ ಕಂಪನಿಗೆ ಇಂಥ ಮಡಿಮೈಲಿಗೆ ಇರಲಿಲ್ಲ. ಅಗ್ಗದ ಸೋವಿಯತ್ ಸೀಮೆಎಣ್ಣೆಯನ್ನು ತಂದು ಭಾರತದಲ್ಲಿ ಮಾರಿತು. ಡೆಟರ್ಡಿಂಗ್ ತನ್ನ ಬೆಲೆ ಇಳಿಸಿದ, ಅವರೂ ಇಳಿಸಿದರು. ನಡುವೆ ಸಿಕ್ಕಿ ನಲುಗಿದ್ದು ಬರ್ಮಾ ಆಯಿಲ್. ಆಗ ಬರ್ಮಾ ಬ್ರಿಟಿಷ್ ಇಂಡಿಯಾದ ಭಾಗವಾಗಿದ್ದರಿಂದ ಆ ಕಂಪನಿಗೆ ಇದು ತವರು ಮಾರುಕಟ್ಟೆ. ಕೊಳ್ಳುವವನಿಗೆ ಮಾತ್ರ, ಕೆಲವು ತಿಂಗಳ ಮಟ್ಟಿಗಾದರೂ, ಸುಗ್ಗಿ.

ಸುಗ್ಗಿ ಬಹಳ ದಿನ ಉಳಿಯಲಿಲ್ಲ. ಬೆಲೆಸಮರ ಭಾರತದಾಚೆಗೂ ಹಬ್ಬಿತು, ಎಲ್ಲರ ಲಾಭವೂ ಕರಗಿತು. 1928ರ ಆಗಸ್ಟಿನಲ್ಲಿ ಡೆಟರ್ಡಿಂಗ್ ಸ್ಕಾಟ್ಲೆಂಡಿನ ಆಕ್ನಕ್ಯಾರಿ ಎಂಬ ಕೋಟೆಮನೆಯನ್ನು ಬಾಡಿಗೆಗೆ ಹಿಡಿದ. ನೆಪ ಹಕ್ಕಿ ಬೇಟೆ. ಬಂದ ಅತಿಥಿಗಳು ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್‌ನ ವಾಲ್ಟರ್ ಟೀಗಲ್, ಆಂಗ್ಲೋ-ಪರ್ಷಿಯನ್ ಕಂಪನಿಯ ಜಾನ್ ಕ್ಯಾಡ್‌ಮನ್ ಮೊದಲಾದ ಎಣ್ಣೆ ಧಣಿಗಳು. ಸೆಪ್ಟೆಂಬರ್ 17ರ ತಾರೀಕಿನ ಒಪ್ಪಂದದ ತಿರುಳು ಇಷ್ಟೇ: ಇದ್ದದ್ದು ಇದ್ದಹಾಗೇ ಇರಲಿ. ಯಾರ ಪಾಲು ಎಷ್ಟಿದೆಯೋ ಅಷ್ಟೇ ಇರಲಿ, ಒಬ್ಬರ ಗಿರಾಕಿಗೆ ಇನ್ನೊಬ್ಬರು ಕೈಹಾಕುವುದು ಬೇಡ. ಎಣ್ಣೆ ಎಲ್ಲಿಂದಲೇ ಬರಲಿ, ಬೆಲೆ ಕಟ್ಟುವಾಗ ಮಾತ್ರ ಅದು ಅಮೆರಿಕದ ಮೆಕ್ಸಿಕೋ ಕೊಲ್ಲಿಯಿಂದ ಬಂತು ಎಂದುಕೊಂಡು ಅಲ್ಲಿನ ದರದ ಮೇಲೆ ಹಡಗಿನ ಬಾಡಿಗೆ ಹಾಕುವ ಲೆಕ್ಕವೂ ಇದರಿಂದ ಗಟ್ಟಿಯಾಯಿತು. ಪಕ್ಕದ ಇರಾನಿನ ಎಣ್ಣೆಗೂ ನಾವು ಟೆಕ್ಸಾಸಿನ ಬಾಡಿಗೆ ತೆರಬೇಕಾಯಿತು! ಈ ಒಪ್ಪಂದದ ಒಕ್ಕಣೆ ಸಾರ್ವಜನಿಕರ ಕಣ್ಣಿಗೆ ಬಿದ್ದದ್ದು 1952ರಲ್ಲಿ, ಅಮೆರಿಕ ಸರ್ಕಾರದ ವರದಿಯೊಂದರ ಮೂಲಕ. ಅತ್ತ 1928ರಲ್ಲೇ ಬರ್ಮಾ ಆಯಿಲ್ ಮತ್ತು ಶೆಲ್ ಇಲ್ಲಿನ ಮಾರಾಟಕ್ಕೆ ಕೈಜೋಡಿಸಿ ಬರ್ಮಾ-ಶೆಲ್ ಆದವು.

ರಷ್ಯಾದ ಎಣ್ಣೆ ಎರಡನೆಯ ಬಾರಿ ಬಾಗಿಲು ತಟ್ಟಿದ್ದು 1960ರಲ್ಲಿ. ತೈಲಖಾತೆ ಸಚಿವ ಕೇಶವ ದೇವ ಮಾಳವೀಯರು ಅಗ್ಗದ ಸೋವಿಯತ್ ಕಚ್ಚಾತೈಲ ತರಿಸುತ್ತೇನೆಂದಾಗ ಇಲ್ಲಿನ ವಿದೇಶಿ ಸಂಸ್ಕರಣಾಗಾರಗಳು ಅದನ್ನು ಮುಟ್ಟಲು ಒಲ್ಲೆವೆಂದವು. ಸರ್ಕಾರ ಹಿಂದಿನ ವರ್ಷವಷ್ಟೇ ಹುಟ್ಟಿದ್ದ ಇಂಡಿಯನ್ ಆಯಿಲ್ ಕಂಪನಿಯ ಮೂಲಕ ಸಿದ್ಧ ಡೀಸೆಲ್ಲನ್ನೇ ತರಿಸಿತು. ಆಗಸ್ಟ್ 17ರಂದು ‘ಉಜ್‌ಗೊರೊದ್’ ಎಂಬ ಹಡಗು ಮುಂಬೈಗೆ ಬಂತು. ಪೈಪೋಟಿಯ ಬಿಸಿ ತಟ್ಟಿದೊಡನೆ ವಿದೇಶಿ ಕಂಪನಿಗಳು ರಿಯಾಯಿತಿಯ ಮಾತಾಡತೊಡಗಿದವು. ಅಲ್ಲಿಂದಾಚೆಗೆ ತೈಲಬೆಲೆಯನ್ನು ಪರಿಶೀಲಿಸುವ ಸಮಿತಿಗಳ ಸಾಲು: ಡಾಮ್ಲೆ, ತಾಲೂಕ್‌ದಾರ್, ಶಾಂತಿಲಾಲ್ ಶಾ. ಅವುಗಳ ವರದಿಗಳನ್ನು ಓದುವುದು ಶಿಕ್ಷೆ. ಓದುಗರಿಗೆ ಅದು ಬೇಡ.

1974ರಿಂದ 76ರೊಳಗೆ ಎಸ್ಸೊ, ಬರ್ಮಾ-ಶೆಲ್, ಕ್ಯಾಲ್ಟೆಕ್ಸ್ ಎಂಬ ಮೂರೂ ವಿದೇಶಿ ಕಂಪನಿಗಳು ಸರ್ಕಾರದ ತೆಕ್ಕೆಗೆ ಬಂದವು. ಎಸ್ಸೊದ ಹುಲಿ, ಕ್ಯಾಲ್ಟೆಕ್ಸಿನ ನಕ್ಷತ್ರ ಮಾಯವಾದವು. ಹಿಂದೂಸ್ತಾನ್, ಭಾರತ್, ಇಂಡಿಯನ್ ಎಂಬ ಮೂರು ಮುಖ್ಯ ಫಲಕಗಳು ಉಳಿದವು, ಬೆಲೆಯನ್ನು ಮಾತ್ರ ದೆಹಲಿ ನಿಗದಿ ಮಾಡುತ್ತಿತ್ತು. ಆ ವ್ಯವಸ್ಥೆ ಕಾಗದದ ಮೇಲೆ ಮುಗಿದದ್ದು 2002ರಲ್ಲಿ. ಆದರೂ ಸರ್ಕಾರಿ ಬಂಕ್‌ಗಳು ನಷ್ಟಕ್ಕೆ ಮಾರುತ್ತ, ಸರ್ಕಾರ ಅದನ್ನು ತುಂಬಿಕೊಡುತ್ತ ಹೋದದ್ದರಿಂದ ಖಾಸಗಿ ಕಂಪನಿ ರಿಲಯನ್ಸ್ 2008ರಲ್ಲಿ ತನ್ನ ಸುಮಾರು 1,400 ಬಂಕ್‌ಗಳನ್ನು ಮುಚ್ಚಿತು. ಪೆಟ್ರೋಲ್ 2010ರ ಜೂನ್‌ನಲ್ಲಿ, ಡೀಸೆಲ್ 2014ರ ಅಕ್ಟೋಬರ್‌ನಲ್ಲಿ ‘ಮುಕ್ತ’ವಾದವು. 2017ರ ಜೂನ್ 16ರಿಂದ ಬೆಲೆ ದಿನಾ ಬದಲಾಗತೊಡಗಿತು. ನಡುರಾತ್ರಿ ಬದಲಾಯಿಸಲು ಬಂಕ್ ಮಾಲೀಕರು ಒಪ್ಪದೆ ಬೆಳಗಿನ ಆರು ಗಂಟೆ ಗೊತ್ತಾಯಿತು.

ಇಷ್ಟೆಲ್ಲ ಮುಕ್ತವಾದ ಮೇಲೆ ಅಕ್ಕಪಕ್ಕದ ಬಂಕ್‌ಗಳ ನಡುವಿನ ಪೈಸೆಗಳು ಪೈಪೋಟಿಯ ಫಲವಿರಬೇಕು ಎಂದುಕೊಂಡರೆ ಮೋಸ ಹೋದಂತೆ. ಅವು ದೂರದ ಲೆಕ್ಕ. ಮಂಗಳೂರಿಗೆ ಬಂದರೂ ಇದೆ, ಎಂಆರ್‌ಪಿಎಲ್ ಸಂಸ್ಕರಣಾಗಾರವೂ ಇದೆ. ಅಲ್ಲಿಂದ ಹಾಸನದ ಮೂಲಕ ಬೆಂಗಳೂರಿನ ದೇವನಗೊಂದಿವರೆಗೆ ಸುಮಾರು 360 ಕಿಲೋಮೀಟರ್ ಕೊಳವೆಮಾರ್ಗವಿದೆ. ಡಿಪೋದಿಂದ ಬಂಕಿಗೆ ಟ್ಯಾಂಕರ್ ಓಡಿದಷ್ಟೂ ಬಾಡಿಗೆ ಏರುತ್ತದೆ. ಹಾಗಾಗಿ ಮಂಗಳೂರಿನಲ್ಲಿ ಸಾಮಾನ್ಯವಾಗಿ ಬೆಂಗಳೂರಿಗಿಂತ ತುಸು ಅಗ್ಗ, ಘಟ್ಟ ಹತ್ತಿದ ಚಿಕ್ಕಮಗಳೂರಿನಲ್ಲಿ ತುಟ್ಟಿ. ಒಂದೇ ಊರಿನಲ್ಲೂ ಕಂಪನಿಗೊಂದು ಡಿಪೋ, ಡಿಪೋಗೊಂದು ದೂರ. ರಾಜ್ಯದ ತೆರಿಗೆ ಶೇಕಡಾ ಲೆಕ್ಕದ್ದಾದ್ದರಿಂದ ಬಾಡಿಗೆಯ ಮೇಲೂ ತೆರಿಗೆ ಬೀಳುತ್ತದೆ. ಕರ್ನಾಟಕ 2024ರ ಜೂನ್ 15ರಂದು ಪೆಟ್ರೋಲಿನ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು. ಆ ದರದಲ್ಲಿ ಒಂದು ರೂಪಾಯಿ ಬಾಡಿಗೆ ಗಿರಾಕಿಗೆ ಸುಮಾರು ಒಂದು ರೂಪಾಯಿ ಮೂವತ್ತು ಪೈಸೆ. ಅದೇ ವರ್ಷ ಅಕ್ಟೋಬರ್ ಕೊನೆಯಲ್ಲಿ ಕಂಪನಿಗಳು ರಾಜ್ಯದೊಳಗಿನ ಸಾಗಣೆ ದರವನ್ನು ಸರಿದೂಗಿಸಿದಾಗ ಒಡಿಶಾದ ಮಲ್ಕಾನ್‌ಗಿರಿಯ ಕೆಲವೆಡೆ ಪೆಟ್ರೋಲ್ ಒಮ್ಮೆಲೇ ನಾಲ್ಕು ರೂಪಾಯಿಗೂ ಹೆಚ್ಚು ಇಳಿಯಿತು. ದೂರದೂರಿನವರು ಅಲ್ಲಿಯವರೆಗೆ ತೆತ್ತದ್ದೆಷ್ಟು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ರಾಜ್ಯದ ಗಡಿಯಲ್ಲಿ ಪೈಸೆ ರೂಪಾಯಿಯಾಗುತ್ತದೆ. ಕೇರಳದ ತೆರಿಗೆ ಮೊದಲೇ ಹೆಚ್ಚು. 2023ರ ಏಪ್ರಿಲ್‌ನಿಂದ ಲೀಟರಿಗೆ 2 ರೂಪಾಯಿ ಸಾಮಾಜಿಕ ಭದ್ರತಾ ಸೆಸ್ ಬೇರೆ ಸೇರಿತು. ಗಡಿಯೂರು ತಲಪಾಡಿಯ ಈಚೆಗಿನ ಬಂಕ್‌ಗಳಲ್ಲಿ ಕೇರಳದ ನಂಬರ್ ಪ್ಲೇಟುಗಳು ಸಾಲುಗಟ್ಟುವುದು ಇದಕ್ಕೇ.

ರಷ್ಯಾದ ಎಣ್ಣೆ ಮೂರನೆಯ ಸಲ ಬಂದದ್ದು 2022ರಲ್ಲಿ, ಉಕ್ರೇನ್ ಯುದ್ಧದ ಹಿನ್ನೆಲೆಯಲ್ಲಿ, ಅದೂ ರಿಯಾಯಿತಿಯಲ್ಲಿ. ನಮ್ಮ ಆಮದಿನಲ್ಲಿ ಶೇ 2ರಷ್ಟೂ ಇಲ್ಲದ ಅದರ ಪಾಲು ಮುಂದಿನ ವರ್ಷ ಮೂರನೇ ಒಂದು ಭಾಗ ದಾಟಿತು. 1927ರಲ್ಲಿ ಇಷ್ಟಕ್ಕೆ ಜಗತ್ತಿನ ಧಣಿಗಳೇ ಕಿತ್ತಾಡಿದ್ದರು. ಈ ಸಲ ಯಾರೂ ಕಿತ್ತಾಡಲಿಲ್ಲ. ದಿನಾ ಬದಲಾಗಬೇಕಿದ್ದ ಮೂಲ ಬೆಲೆ 2022ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗೆ ಅಲುಗಲಿಲ್ಲ. ಕೊನೆಗೆ ಚುನಾವಣೆಯ ಹೊಸ್ತಿಲಲ್ಲಿ 2 ರೂಪಾಯಿ ಇಳಿಯಿತು. ಮೊದಲು ನಷ್ಟ ಅನುಭವಿಸಿದೆವೆನ್ನುತ್ತಿದ್ದ ಮೂರು ಸರ್ಕಾರಿ ಕಂಪನಿಗಳು 2023-24ರಲ್ಲಿ ಒಟ್ಟು ಸುಮಾರು 81 ಸಾವಿರ ಕೋಟಿ ರೂಪಾಯಿ ಲಾಭ ಮಾಡಿದವು. ಆ ನಡುವೆ ಕೆಲವು ರಾಜ್ಯಗಳಲ್ಲಿ ಲೀಟರಿಗೆ ಒಂದು ರೂಪಾಯಿ ಕಡಿಮೆಗೆ ಮಾರಿದ್ದು ನಯಾರಾ ಎಂಬ ಖಾಸಗಿ ಕಂಪನಿ. ಅದರಲ್ಲಿ ದೊಡ್ಡ ಪಾಲು ರಷ್ಯಾದ ರೋಸ್‌ನೆಫ್ಟ್‌ನದು. ಡೆಟರ್ಡಿಂಗ್ ಇದ್ದಿದ್ದರೆ ಎದೆಯೊಡೆದುಕೊಳ್ಳುತ್ತಿದ್ದ.

ಆಕ್ನಕ್ಯಾರಿಯಂಥ ಒಪ್ಪಂದ ಇಲ್ಲಿದೆ ಎಂದು ನಾನು ಹೇಳುತ್ತಿಲ್ಲ. ಅದರ ಅಗತ್ಯವೇ ಇಲ್ಲ, ಏಕೆಂದರೆ ಮೂರು ಫಲಕಗಳಿಗೂ ಧಣಿ ಒಬ್ಬನೇ. ಈಗ ಬಂಕ್‌ಗಳು ಪೈಪೋಟಿಗಿಳಿಯುವುದು ಉಚಿತ ಗಾಳಿ ಮತ್ತು ಸ್ವಚ್ಛ ಶೌಚಾಲಯದಲ್ಲಿ. ಬೆಲೆ ಇಳಿಸಿ ಎಂದು ಕೇಳಿ ಪ್ರಯೋಜನವಿಲ್ಲದಿದ್ದರೆ ಲೆಕ್ಕವನ್ನಾದರೂ ಕೇಳೋಣ. ದೆಹಲಿಯ ಪೆಟ್ರೋಲ್ ಬೆಲೆಯ ಬಿಡಿ ಲೆಕ್ಕವನ್ನು ಕಂಪನಿಗಳು ಪ್ರಕಟಿಸುತ್ತವೆ: ಮೂಲ ದರ, ಬಾಡಿಗೆ, ಕೇಂದ್ರದ ಸುಂಕ, ಡೀಲರ್ ಕಮಿಷನ್, ರಾಜ್ಯದ ತೆರಿಗೆ. ಅದೇ ಐದು ಸಾಲು ಚಿಕ್ಕಮಗಳೂರಿನ ಬಂಕಿನ ಬೋರ್ಡಿನಲ್ಲೂ ಬರಲಿ. ಹತ್ತು ಪೈಸೆ ಉಳಿಸಲು ಇನ್ನೊಂದು ಬಂಕಿಗೆ ಗಾಡಿ ತಿರುಗಿಸುವವನಿಗೆ ಆಗ ತನ್ನ ಜಗಳ ಬಂಕಿನವನ ಜೊತೆಗಲ್ಲ, ಯಾರ ಜೊತೆಗೆ ಎಂಬುದು ತಿಳಿಯುತ್ತದೆ.