ಭೂಕಂಪ ಮತ್ತು ಕಾಣದ ನೆಲದಾಳ: ಮನೆ ನಿರ್ಮಾಣದ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಕಟ್ಟಡ ಪರವಾನಗಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರಲ್ಲಿ ಅನೇಕರು, "ನಮ್ಮ ನಿವೇಶನಕ್ಕೆ ಭೂಕಂಪದ ಭಯವಿದೆಯೇ? ಇಲ್ಲವೆಂದಾದರೆ ಹಾಗೆಂದು ಬರೆದುಕೊಡಬಹುದೇ?" ಎಂದು ವಿಚಾರಿಸುವುದುಂಟು. ಪ್ರಶ್ನೆ ಸಹಜವಾದುದೇ ಆಗಿದೆ. ಆದರೆ ಭೂಕಂಪವಾಗುವುದಿಲ್ಲವೆಂಬ ದೃಢೀಕರಣ ಪತ್ರವನ್ನು ಯಾವ ಕಚೇರಿಯೂ ನೀಡಲಾಗದು. ಇದಕ್ಕೆ ಕಾರಣವೇನು ಮತ್ತು ಅರ್ಜಿದಾರರ ಕೈಯಲ್ಲಿರುವುದೇನು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

1. ನೆಲದಾಳದ ಬಗ್ಗೆ ತಿಳಿದಿರುವುದೆಷ್ಟು?

ಭೂಮಿಯ ಮೇಲ್ಮೈಯಿಂದ ಕೇಂದ್ರಕ್ಕೆ ಇರುವ ದೂರ ಸುಮಾರು 6,371 ಕಿ.ಮೀ. ರಷ್ಯಾದ ಕೋಲಾ ಪ್ರದೇಶದಲ್ಲಿ 1989ರ ವೇಳೆಗೆ ಕೊರೆಯಲಾದ ಅತ್ಯಂತ ಆಳದ ಕೊಳವೆಯು ತಲುಪಿದ್ದು 12,262 ಮೀಟರುಗಳನ್ನು ಮಾತ್ರ. ಇದು ಆ ದೂರದ ಐನೂರರಲ್ಲಿ ಒಂದು ಪಾಲೂ ಆಗುವುದಿಲ್ಲ. ಸಮುದ್ರದ ತಳದ ಸ್ಥಿತಿಯೂ ಇದಕ್ಕಿಂತ ತೀರಾ ಭಿನ್ನವಾಗಿಲ್ಲ. 2025ರ ಜೂನ್ ವೇಳೆಗೆ ವಿಶ್ವದ ಸಾಗರತಳದ ಶೇಕಡ 27ರಷ್ಟು ಭಾಗವನ್ನು ಮಾತ್ರ ಆಧುನಿಕ ಉಪಕರಣಗಳಿಂದ ಅಳೆದು ನಕ್ಷೆಗೆ ಇಳಿಸಲಾಗಿತ್ತು.

ನೆಲದಾಳವನ್ನು ಕಣ್ಣಿನಿಂದ ನೋಡಲಾಗದ ಕಾರಣ ವಿಜ್ಞಾನಿಗಳು ಭೂಕಂಪದ ಅಲೆಗಳನ್ನೇ ಆಧಾರವಾಗಿ ಬಳಸುತ್ತಾರೆ. ಮೊದಲು ಬರುವ ಅಲೆಗಳು ಘನ ಹಾಗೂ ದ್ರವ ಎರಡರಲ್ಲಿಯೂ ಸಂಚರಿಸುತ್ತವೆ. ಎರಡನೆಯದಾಗಿ ಬರುವ ಅಲೆಗಳು ದ್ರವದಲ್ಲಿ ಸಂಚರಿಸಲಾರವು. ಈ ವ್ಯತ್ಯಾಸದಿಂದಲೇ ಭೂಮಿಯ ಹೊರತಿರುಳು ದ್ರವರೂಪದಲ್ಲಿದೆಯೆಂದು ತಿಳಿದುಬಂದಿತು. ಅಂದರೆ, ಭೂಮಿಯ ಒಳಗಿನ ಬಗ್ಗೆ ನಮಗಿರುವ ತಿಳಿವಳಿಕೆಯ ಬಹುಭಾಗವು ಭೂಕಂಪವಾದ ಮೇಲೆ ದೊರೆತದ್ದಾಗಿದೆ.

2. ಕಿಲ್ಲಾರಿಯಲ್ಲಿ ಆದದ್ದೇನು?

ಕರ್ನಾಟಕದ ಗಡಿಗೆ ಹೊಂದಿಕೊಂಡಿರುವ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ಗ್ರಾಮದ ಸುತ್ತಮುತ್ತ 1992ರಲ್ಲಿ ಅನೇಕ ಸಣ್ಣ ಕಂಪನಗಳು ಅನುಭವಕ್ಕೆ ಬಂದವು. ಜನರು ಆತಂಕಗೊಂಡರು. ಕಾಲಕ್ರಮೇಣ ಕಂಪನಗಳು ಕಡಿಮೆಯಾದವು ಮತ್ತು ಜೀವನ ಎಂದಿನಂತೆ ಸಾಗಿತು. 1993ರ ಸೆಪ್ಟೆಂಬರ್ 30ರಂದು ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ, ಗಣೇಶ ವಿಸರ್ಜನೆ ಮುಗಿಸಿ ಜನರು ಮಲಗಿದ್ದ ಸಮಯದಲ್ಲಿ, 6.2 ತೀವ್ರತೆಯ ಭೂಕಂಪ ಸಂಭವಿಸಿತು. 8,000ದಿಂದ 10,000ದಷ್ಟು ಜನರು ಪ್ರಾಣ ಕಳೆದುಕೊಂಡರು. ತೀವ್ರವಾಗಿ ಹಾನಿಗೊಳಗಾದ 52 ಗ್ರಾಮಗಳನ್ನು ಬೇರೆಡೆಗೆ ಸ್ಥಳಾಂತರಿಸಬೇಕಾಯಿತು.

ಅಂದು ಜಾರಿಯಲ್ಲಿದ್ದ ಭೂಕಂಪ ವಲಯ ನಕ್ಷೆಯಲ್ಲಿ ಈ ಪ್ರದೇಶವು 1ನೇ ವಲಯದಲ್ಲಿತ್ತು. ಅಂದರೆ ಅತಿ ಕಡಿಮೆ ಅಪಾಯದ ಪ್ರದೇಶವೆಂದು ಪರಿಗಣಿತವಾಗಿತ್ತು. ಈ ಅನುಭವದ ನಂತರ, 2002ರ ಪರಿಷ್ಕೃತ ನಕ್ಷೆಯಲ್ಲಿ 1ನೇ ವಲಯವನ್ನೇ ಕೈಬಿಡಲಾಯಿತು.

3. ಗಟ್ಟಿಯಾದ ದಖ್ಖನ್ ನೆಲದಲ್ಲಿ ಭೂಕಂಪವೇಕೆ?

ಭಾರತವನ್ನು ಹೊತ್ತಿರುವ ಶಿಲಾಫಲಕವು ವರ್ಷಕ್ಕೆ ಸುಮಾರು 5 ಸೆಂ.ಮೀ.ನಷ್ಟು ಉತ್ತರಕ್ಕೆ ಸರಿಯುತ್ತ ಏಷ್ಯಾದ ಫಲಕವನ್ನು ಒತ್ತುತ್ತಿದೆ. ಈ ಒತ್ತಡವು ಹಿಮಾಲಯದಲ್ಲಿ ಅಧಿಕವಾಗಿದ್ದರೂ ಅದರ ಒಂದು ಅಂಶ ಪರ್ಯಾಯ ದ್ವೀಪದ ಒಳಭಾಗಕ್ಕೂ ತಲುಪುತ್ತದೆ. ಇಲ್ಲಿನ ಪುರಾತನ ಶಿಲೆಗಳಲ್ಲಿರುವ ಹಳೆಯ ಬಿರುಕುಗಳು ಸಾವಿರಾರು ವರ್ಷ ನಿಶ್ಚಲವಾಗಿದ್ದು, ಒತ್ತಡ ಮಿತಿಮೀರಿದಾಗ ಥಟ್ಟನೆ ಜಾರುತ್ತವೆ. ಕಿಲ್ಲಾರಿಯಲ್ಲಿ ಇಂತಹ ಬಿರುಕು ಮೊದಲೇ ಗೋಚರಿಸಿರಲಿಲ್ಲ. ಅಲ್ಲಿನ ಮೂಲಶಿಲೆಯ ಮೇಲೆ ಸುಮಾರು 340 ಮೀಟರ್ ದಪ್ಪದ ಕಪ್ಪುಶಿಲೆಯ ಹೊದಿಕೆಯಿರುವುದು ಭೂಕಂಪದ ನಂತರ ನಡೆಸಿದ ಕೊರೆತದಿಂದ ತಿಳಿದುಬಂದಿತು.

4. ಮುನ್ಸೂಚನೆ ನೀಡಲು ಏಕೆ ಸಾಧ್ಯವಿಲ್ಲ?

ಒತ್ತಡ ಸಂಗ್ರಹವಾಗುವುದನ್ನು ಖಾತೆಯೊಂದಕ್ಕೆ ಪ್ರತಿವರ್ಷ ಜಮಾ ಆಗುವ ಮೊತ್ತಕ್ಕೆ ಹೋಲಿಸಬಹುದು. ವರ್ಷದ ಜಮಾ ಎಷ್ಟೆಂಬುದನ್ನು ಅಂದಾಜು ಮಾಡಬಹುದಾದರೂ, ಆರಂಭಿಕ ಶಿಲ್ಕು ಎಷ್ಟಿತ್ತು, ಖಾತೆಯ ಗರಿಷ್ಠ ಮಿತಿ ಎಷ್ಟು ಎಂಬ ಎರಡು ಅಂಕಿಗಳು ತಿಳಿದಿಲ್ಲ. ಇವಿಲ್ಲದೆ ಲೆಕ್ಕ ಮುಗಿಯುವ ದಿನವನ್ನು ಹೇಳಲಾಗದು.

ಸಣ್ಣ ಕಂಪನಗಳೂ ಖಚಿತ ಸೂಚನೆಗಳಲ್ಲ. ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರ ಗ್ರಾಮದ ಸುತ್ತಮುತ್ತ 2021ರಲ್ಲಿ ಭೂಮಿಯೊಳಗಿನಿಂದ ಶಬ್ದಗಳು ಕೇಳಿಬಂದು, ಅಕ್ಟೋಬರ್ ತಿಂಗಳಲ್ಲಿ 4.1 ತೀವ್ರತೆಯ ಕಂಪನವೂ ದಾಖಲಾಯಿತು. ಅನೇಕರು ರಾತ್ರಿಗಳನ್ನು ಮನೆಯ ಹೊರಗೆ ಕಳೆದರು. ಅಲ್ಲಿ ದೊಡ್ಡ ಭೂಕಂಪವಾಗಲಿಲ್ಲ. ಕಿಲ್ಲಾರಿಯಲ್ಲಿಯೂ ಸಣ್ಣ ಕಂಪನಗಳೇ ಮೊದಲು ಬಂದಿದ್ದವು. ಆದರೆ ಅಲ್ಲಿ ಒಂದು ವರ್ಷದ ನಂತರ ದೊಡ್ಡದು ಬಂದಿತು. 6.2 ತೀವ್ರತೆಯ ಭೂಕಂಪದಲ್ಲಿ ಬಿಡುಗಡೆಯಾಗುವ ಶಕ್ತಿಯು 4.1ರದಕ್ಕಿಂತ ಸಾವಿರ ಪಟ್ಟಿಗೂ ಅಧಿಕ.

ಚೀನಾದ ಹೈಚೆಂಗ್‌ನಲ್ಲಿ 1975ರಲ್ಲಿ ಸಣ್ಣ ಕಂಪನಗಳನ್ನು ಗಮನಿಸಿ ಜನರನ್ನು ಮುಂಚಿತವಾಗಿ ಹೊರಗೆ ಕಳುಹಿಸಿದ್ದರಿಂದ ಬಹಳ ಜೀವಗಳು ಉಳಿದವು. ಮರುವರ್ಷವೇ, 1976ರಲ್ಲಿ, ಅದೇ ದೇಶದ ತಾಂಗ್‌ಶಾನ್‌ನಲ್ಲಿ ಅಂತಹ ಯಾವ ಎಚ್ಚರಿಕೆಯೂ ಇಲ್ಲದೆ ಎರಡು ಲಕ್ಷಕ್ಕೂ ಹೆಚ್ಚು ಜನರು ಮೃತಪಟ್ಟರು. ಆದುದರಿಂದ ಇಂತಹ ದಿನ, ಇಂತಹ ಗಂಟೆಗೆ ಭೂಕಂಪವಾಗುವುದೆಂಬ ವದಂತಿಗಳನ್ನು ನಂಬಬಾರದೆಂದು ಕೋರಲಾಗಿದೆ.

5. ಪ್ರಾಣಹಾನಿಗೆ ನೈಜ ಕಾರಣ

ಕಿಲ್ಲಾರಿಯ ಮನೆಗಳ ಗೋಡೆಗಳು ಕಾಡುಕಲ್ಲನ್ನು ಮಣ್ಣಿನಲ್ಲಿ ಕೂಡಿಸಿ ಕಟ್ಟಿದ ದಪ್ಪ ಗೋಡೆಗಳಾಗಿದ್ದವು. ಬಿಸಿಲಿನ ತಾಪ ತಡೆಯಲೆಂದು ಮರದ ತೊಲೆಗಳ ಮೇಲೆ ದಪ್ಪವಾಗಿ ಮಣ್ಣು ಹೊದಿಸಲಾಗಿತ್ತು. ನೆಲ ಅಲುಗಿದಾಗ ಗೋಡೆಯ ಒಳಮುಖ ಹಾಗೂ ಹೊರಮುಖಗಳು ಬೇರ್ಪಟ್ಟು ಕುಸಿದವು; ಮೇಲಿನ ಮಣ್ಣಿನ ಭಾರ ಮಲಗಿದ್ದವರ ಮೇಲೆ ಬಿದ್ದಿತು.

ಕಾಂಕ್ರೀಟ್ ಕಟ್ಟಡವೆಂದ ಮಾತ್ರಕ್ಕೆ ನಿಶ್ಚಿಂತೆಯಿಂದಿರಲಾಗದು. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ, ಕೇಂದ್ರದಿಂದ 200 ಕಿ.ಮೀ.ಗೂ ದೂರದ ಅಹಮದಾಬಾದ್‌ನಲ್ಲಿ, ವಾಹನ ನಿಲುಗಡೆಗಾಗಿ ನೆಲಮಹಡಿಯನ್ನು ಕಂಬಗಳ ಮೇಲೆ ತೆರೆದಿಟ್ಟಿದ್ದ ಬಹುಮಹಡಿ ಕಟ್ಟಡಗಳು ಕುಸಿದವು.

6. ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಅ) ನಕ್ಷೆಯನ್ನು ಅರ್ಹ ಇಂಜಿನಿಯರರಿಂದಲೇ ಸಿದ್ಧಪಡಿಸಿ, ವಿನ್ಯಾಸದ ಸಮಯದಲ್ಲಿ ಜಾರಿಯಲ್ಲಿರುವ ಭಾರತೀಯ ಮಾನಕ ಹಾಗೂ ವಲಯ ನಕ್ಷೆಯನ್ನು ಅನುಸರಿಸಲಾಗಿದೆಯೇ ಎಂದು ಅವರಲ್ಲಿ ಕೇಳಿ ತಿಳಿಯುವುದು.

ಆ) ಮಣ್ಣಿನ ಪರೀಕ್ಷೆಯನ್ನು ಕೇವಲ ಕಾಗದದ ಕ್ರಮವೆಂದು ಭಾವಿಸದಿರುವುದು. ಮೆದು ಮಣ್ಣು ಹಾಗೂ ತುಂಬಿದ ಕೆರೆಯಂಗಳದಲ್ಲಿ ಕಂಪನದ ಪ್ರಭಾವ ಹೆಚ್ಚಾಗಬಲ್ಲದು.

ಇ) ಕಲ್ಲಿನ ಗೋಡೆಗಳಲ್ಲಿ ಎರಡೂ ಮುಖಗಳನ್ನು ಹಾಯುವಂತಹ ಉದ್ದನೆಯ ಕಲ್ಲುಗಳನ್ನು ಅಲ್ಲಲ್ಲಿ ಕೂಡಿಸುವುದು.

ಈ) ಬಾಗಿಲು-ಕಿಟಕಿಗಳ ಮೇಲ್ಮಟ್ಟದಲ್ಲಿ ಎಲ್ಲಾ ಗೋಡೆಗಳ ಸುತ್ತಲೂ ತುಂಡಾಗದಂತೆ ಕಬ್ಬಿಣದ ಸಲಾಕೆಗಳಿರುವ ಕಾಂಕ್ರೀಟ್ ಪಟ್ಟಿಯನ್ನು ಹಾಕಿಸುವುದು. ಇದು ಗೋಡೆಗಳನ್ನು ಒಂದಕ್ಕೊಂದು ಬಿಗಿದು ಹಿಡಿಯುತ್ತದೆ.

ಉ) ಮಂಜೂರಾದ ನಕ್ಷೆಯನ್ನು ಮೀರಿ ಹೆಚ್ಚುವರಿ ಮಹಡಿ ಕಟ್ಟದಿರುವುದು ಮತ್ತು ಕಂಬ, ತೊಲೆಗಳನ್ನು ಕತ್ತರಿಸದಿರುವುದು.

7. ಹಾನಿ ಸಂಭವಿಸಿದಲ್ಲಿ

ಕಂಪನವಾಗುತ್ತಿರುವಾಗ ಒಳಗಿದ್ದವರು ಗಟ್ಟಿಯಾದ ಮೇಜಿನ ಕೆಳಗೆ ತಲೆಯನ್ನು ರಕ್ಷಿಸಿಕೊಂಡು ಕುಳಿತುಕೊಳ್ಳತಕ್ಕದ್ದು; ಹೊರಗಿದ್ದವರು ಕಟ್ಟಡ ಹಾಗೂ ವಿದ್ಯುತ್ ತಂತಿಗಳಿಂದ ದೂರವಿರತಕ್ಕದ್ದು. ತುರ್ತು ನೆರವಿಗೆ 112 ಸಂಖ್ಯೆಗೆ ಕರೆ ಮಾಡಬಹುದು. ಭೂಕಂಪವು ರಾಜ್ಯ ವಿಪತ್ತು ಪರಿಹಾರ ನಿಧಿಯ ವ್ಯಾಪ್ತಿಗೆ ಬರುವ ವಿಪತ್ತುಗಳಲ್ಲಿ ಒಂದಾಗಿದೆ. ಮನೆಗೆ ಹಾನಿಯಾದಲ್ಲಿ ವಿಳಂಬ ಮಾಡದೆ ತಾಲ್ಲೂಕು ಕಚೇರಿಗೆ ತಿಳಿಸಿ, ಸ್ಥಳ ಮಹಜರಿಗೆ ಅನುಕೂಲವಾಗುವಂತೆ ಸಾಧ್ಯವಾದಲ್ಲಿ ಭಾವಚಿತ್ರಗಳನ್ನು ತೆಗೆದಿಟ್ಟುಕೊಳ್ಳುವುದು. ಮನೆಯ ದಾಖಲೆಗಳು ಹಾಗೂ ಗುರುತಿನ ಪತ್ರಗಳ ಪ್ರತಿಗಳನ್ನು ಬೇರೊಂದು ಸುರಕ್ಷಿತ ಸ್ಥಳದಲ್ಲಿಯೂ ಇಟ್ಟಿರುವುದು ಒಳಿತು.

ನೆಲದ ಕೆಳಗಿರುವುದನ್ನು ಅರಿಯುವ ಕಾರ್ಯ ಇನ್ನೂ ಬಹಳ ಕಾಲ ನಡೆಯಬೇಕಾಗಿದೆ. ನೆಲದ ಮೇಲೆ ಏಳುವ ಗೋಡೆ ಹೇಗಿರಬೇಕೆಂಬುದು ಮಾತ್ರ ಇಂದೇ ತಿಳಿದಿದೆ. ಪರವಾನಗಿ ಅರ್ಜಿಯೊಂದಿಗೆ ಕೇಳಲಾಗುವ ನಕ್ಷೆ, ವಿನ್ಯಾಸ ಹಾಗೂ ಪರೀಕ್ಷಾ ವರದಿಗಳು ಈ ಉದ್ದೇಶಕ್ಕಾಗಿಯೇ ಇವೆ. ಸಾರ್ವಜನಿಕರು ಇವುಗಳನ್ನು ತಮ್ಮ ಕುಟುಂಬದ ಸುರಕ್ಷತೆಯ ದಾಖಲೆಗಳೆಂದು ಪರಿಗಣಿಸಿ ಸಹಕರಿಸಬೇಕಾಗಿ ವಿನಂತಿ.