ನುರಿತವರೇ ತುಂಬಿದ ಗಿಲ್ಡ್ ಒಡೆಯುವುದೇಕೆ?

ಪ್ರಶ್ನೆ: ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದಲ್ಲಿ ಆಟಗಾರರ ಕೂಟವಾದ ಗಿಲ್ಡ್‌ಗೆ ಚತುರರು ಮುಖ್ಯವೋ, ಸ್ನೇಹದ ವಾತಾವರಣವೋ?

2004ರಲ್ಲಿ ಬಂದ ಈ ಆಟದಲ್ಲಿ ಅತಿ ಕಠಿಣವಾದ ‘ಮಿಥಿಕ್’ ರೈಡ್ (ಬಲಿಷ್ಠ ಶತ್ರುಗಳ ವಿರುದ್ಧ ತಂಡವಾಗಿ ನಡೆಸುವ ಹೋರಾಟ) 20 ಮಂದಿಯ ತಂಡಕ್ಕೆಂದೇ ರೂಪಿಸಿದ್ದು. ಒಬ್ಬರು ತಪ್ಪು ಜಾಗದಲ್ಲಿ ನಿಂತರೂ ಇಡೀ ತಂಡ ಸಾಯಬಹುದು. ಮತ್ತೆ ಮೊದಲಿನಿಂದ ಶುರು. ಕೆಲವು ಶತ್ರುಗಳೆದುರು ಹೀಗೆ ನೂರಾರು ಸಲ ಸೋತೇ ಕಲಿಯಬೇಕು. ಡೊಳ್ಳು ಕುಣಿತದಲ್ಲಿ ಒಬ್ಬರ ಪೆಟ್ಟು ತಪ್ಪಿದರೆ ಎಲ್ಲರ ಹೆಜ್ಜೆಯೂ ಕೆಡುತ್ತದಲ್ಲ, ಹಾಗೆ. ತಾಲೀಮಿಗೆ ಎಲ್ಲರೂ ಬಂದರಷ್ಟೇ ಲಯ ಕೂಡುತ್ತದೆ. ಬೈಗುಳ ಹೆಚ್ಚಾದ ಕಡೆ ಆಟಗಾರರು ಮೊದಲು ತಪ್ಪು ಮುಚ್ಚಿಡುತ್ತಾರೆ, ಆಮೇಲೆ ಬರುವುದನ್ನೇ ಬಿಡುತ್ತಾರೆ. ನಾಲ್ಕೈದು ಮಂದಿ ಕೈಕೊಟ್ಟರೆ ಉಳಿದವರ ನೈಪುಣ್ಯ ಉಪಯೋಗಕ್ಕೆ ಬಾರದು.

ಬರೀ ಸ್ನೇಹವೂ ಸಾಲದು: ಕಲಿಯದೆ ಪದೇ ಪದೇ ಎಡವುವವರಿಂದ ಉಳಿದವರ ಸಂಜೆಗಳು ಹಾಳಾಗಿ ಸ್ನೇಹವೇ ಹಳಸುತ್ತದೆ. ‘ತಪ್ಪು ನನ್ನದು’ ಎನ್ನಬಲ್ಲ, ಕಲಿಯುವ ಮನಸ್ಸಿನ ಸಾಧಾರಣ ಆಟಗಾರರನ್ನೇ ನಾನಾದರೆ ಮೊದಲು ಸೇರಿಸಿಕೊಳ್ಳುತ್ತೇನೆ.